ಶೇಕಡಾ ಐವತ್ತೊಂದರ ಅಂಗಿ

1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಅಂಗಡಿಗಳ ತುಂಬ ಒಂದು ವಿಚಿತ್ರ ಸ್ವೆಟರ್ ತೂಗಾಡತೊಡಗಿತು. ಕತ್ತಿನ ಹಿಂದಿನ ಚೀಟಿಯಲ್ಲಿ ‘55% ರೇಮಿ, 45% ಹತ್ತಿ’ ಎಂದು ಬರೆದಿರುತ್ತಿತ್ತು. ರೇಮಿ ಎಂದರೆ ಗಿಡವೋ ಮೃಗವೋ ಎಂದು ಕೊಂಡವರಲ್ಲಿ ಬಹಳ ಮಂದಿಗೆ ಗೊತ್ತಿದ್ದಿರಲಾರದು. ಅದು ತುರುಚೆ ಗಿಡದ ಕುಟುಂಬಕ್ಕೆ ಸೇರಿದ ಒಂದು ಪೊದೆ. ಚೀನಾದಲ್ಲಿ ಎಷ್ಟೋ ಶತಮಾನಗಳಿಂದ ಅದರ ತೊಗಟೆ ಸುಲಿದು ನಾರು ತೆಗೆಯುತ್ತಾರೆ. ನಾರು ಹೊಳೆಯುತ್ತದೆ, ಗಟ್ಟಿಯಾಗಿದೆ, ಆದರೆ ಒರಟು, ಬಿರುಸು, ಬೇಗ ಸುಕ್ಕು. ಮೆತ್ತನೆಯ ಸ್ವೆಟರ್ ಮಾಡಲು ಹೊರಟ ಯಾವ ಕುಶಲಿಯೂ ಮೊದಲು ಕೈಹಾಕುವ ನಾರಲ್ಲ.

ಮತ್ತೆ ಅದು ಅಲ್ಲಿಗೆ ಬಂದದ್ದು ಹೇಗೆ? ಉತ್ತರ ಫ್ಯಾಷನ್ ಪತ್ರಿಕೆಗಳಲ್ಲಿ ಸಿಗುವುದಿಲ್ಲ, ಒಂದು ವ್ಯಾಪಾರ ಒಪ್ಪಂದದಲ್ಲಿ ಸಿಗುತ್ತದೆ! 1974ರಿಂದ ಜಾರಿಯಲ್ಲಿದ್ದ ಮಲ್ಟಿ ಫೈಬರ್ ಅರೇಂಜ್‌ಮೆಂಟ್ ಎಂಬ ಏರ್ಪಾಟಿನಡಿ ಶ್ರೀಮಂತ ದೇಶಗಳು ಹತ್ತಿ, ಉಣ್ಣೆ, ಕೃತಕ ನಾರು ಈ ಮೂರರ ಉಡುಪುಗಳಿಗೆ ಕೋಟಾ ಹಾಕಿದ್ದವು. ಇಷ್ಟೇ ಡಜನ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಆ ಮೂರರ ಪಟ್ಟಿಯಲ್ಲಿ ರೇಮಿಯ ಹೆಸರಿರಲಿಲ್ಲ. ರೇಮಿಯ ಪಾಲು ಅರ್ಧ ದಾಟಿದರೆ ಸಾಕು, ಅದು ಕೋಟಾದ ಕಣ್ಣಿಗೆ ಬೀಳದ ಸ್ವೆಟರ್. ಹಾಂಗ್‌ಕಾಂಗ್ ಮತ್ತು ಚೀನಾದ ಹೆಣಿಗೆ ಕಾರ್ಖಾನೆಗಳು ಆ ಕಿಂಡಿಯೊಳಗೆ ಒಂದು ಇಡೀ ಉದ್ಯಮವನ್ನೇ ತೂರಿಸಿದವು. 1986ರಲ್ಲಿ ಒಪ್ಪಂದ ನವೀಕರಣಗೊಂಡಾಗ ರೇಮಿ, ಲಿನನ್, ರೇಷ್ಮೆ ಮಿಶ್ರಣ ಎಲ್ಲವನ್ನೂ ಒಳಗೆ ಎಳೆದುಕೊಂಡರು. ಕಿಂಡಿ ಮುಚ್ಚಿತು.

ಒಂದು ಸುಂಕದ ಕಾಗದ ಒಂದು ದೇಶದ ಕಪಾಟಿನೊಳಕ್ಕೆ ಕೈಚಾಚಿ, ನೀವು ಈ ಚಳಿಗಾಲ ಇದನ್ನೇ ತೊಡಿ ಎಂದು ಹೇಳಬಲ್ಲದು! ಹಾಗಿದ್ದರೆ ಈ ಕ್ಷಣ ನಿಮ್ಮ ಮೈಮೇಲಿರುವ ಅಂಗಿಗೂ ಎಲ್ಲೋ ಒಂದು ಸಂಖ್ಯೆ ಇರಬೇಕಲ್ಲ?

ಇದೆ. ಬ್ರಸೆಲ್ಸ್‌ನಲ್ಲಿ ವಿಶ್ವ ಕಸ್ಟಮ್ಸ್ ಸಂಸ್ಥೆ ಇದೆ. ಅದು ಕಾಪಾಡಿಕೊಂಡು ಬರುತ್ತಿರುವ ಹಾರ್ಮೊನೈಸ್ಡ್ ಸಿಸ್ಟಂ 1988ರ ಜನವರಿ 1ರಂದು ಜಾರಿಗೆ ಬಂತು. ಜಗತ್ತಿನಲ್ಲಿ ಹಡಗು ಹತ್ತುವ ಪ್ರತಿಯೊಂದು ವಸ್ತುವಿಗೂ, ಜೀವಂತ ಕುದುರೆಯಿಂದ ಹಳೆಯ ಚಿತ್ರಪಟದವರೆಗೆ, ಅದರಲ್ಲಿ ಆರು ಅಂಕಿಯ ಹೆಸರಿದೆ. 200ಕ್ಕೂ ಹೆಚ್ಚು ದೇಶಗಳು ಮತ್ತು ಸುಂಕ ಪ್ರದೇಶಗಳು ಅದನ್ನು ಬಳಸುತ್ತವೆ, ವಿಶ್ವ ವ್ಯಾಪಾರದ ಶೇ 98ಕ್ಕೂ ಮಿಕ್ಕ ಸರಕು ಅದರ ಮೂಲಕವೇ ಸಾಗುತ್ತದೆ. ಆರು ಅಂಕಿ ಎಲ್ಲರಿಗೂ ಸಮಾನ. ಅದರ ಮುಂದೆ ಭಾರತ ಎರಡನ್ನು ಸೇರಿಸಿ ಎಂಟು ಮಾಡಿಕೊಂಡಿದೆ, ಅಮೆರಿಕ ನಾಲ್ಕನ್ನು ಸೇರಿಸಿ ಹತ್ತು. ಈ ಮಹಾಪಟ್ಟಿಯ 50ರಿಂದ 63ರವರೆಗಿನ ಅಧ್ಯಾಯಗಳು ಬಟ್ಟೆಬರೆಯವು. ಅಲ್ಲಿಗೆ ಹೊಕ್ಕರೆ ಹೊರಬರಲು ಮನಸ್ಸಾಗುವುದಿಲ್ಲ.

ಹೊಸ್ತಿಲಲ್ಲೇ ಮೊದಲ ಬೆರಗು. ಪಟ್ಟಿ ಮೊದಲು ಕೇಳುವುದು ಇದು ಅಂಗಿಯೋ ಲಂಗವೋ ಎಂದಲ್ಲ. ಹೆಣೆದದ್ದೋ ನೇಯ್ದದ್ದೋ ಎಂದು. ಹೆಣೆದದ್ದು 61ನೇ ಅಧ್ಯಾಯ, ಹಾಸುಹೊಕ್ಕಿನಲ್ಲಿ ನೇಯ್ದದ್ದು 62. ಒಂದೇ ಹೊಲದ ಹತ್ತಿ, ಒಂದೇ ಗಿರಣಿಯ ನೂಲು, ಒಂದೇ ಬಣ್ಣದ ತೊಟ್ಟಿ. ಟೀ ಶರ್ಟಾದದ್ದು ಒಂದು ಲೋಕಕ್ಕೆ, ಆಫೀಸಿನ ಶರ್ಟಾದದ್ದು ಇನ್ನೊಂದು ಲೋಕಕ್ಕೆ. ಇಷ್ಟು ಕಟ್ಟುನಿಟ್ಟಿನ ಗೋಡೆಯನ್ನೂ ಬ್ರಾ ದಾಟಿ ಹೋಗುತ್ತದೆ. ಹೆಣೆದಿದ್ದರೂ ನೇಯ್ದಿದ್ದರೂ ಅದರ ವಿಳಾಸ 62ನೇ ಅಧ್ಯಾಯವೇ. ಮಗುವಿನ ಬಟ್ಟೆ ಎಂದರೆ ಯಾವುದು? 86 ಸೆಂಟಿಮೀಟರ್ ಎತ್ತರ ಮೀರದ ಮಕ್ಕಳದ್ದು. ಮುಂದುಗಡೆ ಎಡ ಮಡಿಕೆ ಬಲದ ಮೇಲೆ ಬಂದರೆ ಗಂಡಸಿನ ಉಡುಪು, ಬಲ ಎಡದ ಮೇಲೆ ಬಂದರೆ ಹೆಂಗಸಿನದು. ಯಾರದೆಂದು ಗುರುತಿಸಲು ಆಗದಿದ್ದರೆ? ಹೆಂಗಸಿನ ಲೆಕ್ಕಕ್ಕೇ. ಹೆಣೆದ ಶರ್ಟಿನಲ್ಲಿ ಸರಾಸರಿ ಒಂದು ಸೆಂಟಿಮೀಟರಿಗೆ ಹತ್ತು ಕೊಂಡಿಗಿಂತ ಕಡಿಮೆ ಇದ್ದರೆ ಅದು ಶರ್ಟಿನ ಶೀರ್ಷಿಕೆಯಿಂದಲೇ ಹೊರಬೀಳುತ್ತದೆ, ಬೇರೆ ಮನೆ ಹುಡುಕಿಕೊಳ್ಳಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ನಮ್ಮ ಗಾದೆ ಸರಿಯೇ ಇರಬಹುದು. ಆದರೆ ಆತ ನಿಮ್ಮ ಅಂಗಿಯ ಕೊಂಡಿಗಳನ್ನು ಭೂತಗನ್ನಡಿ ಹಿಡಿದು ಎಣಿಸುತ್ತಾನೆ ಎಂಬುದನ್ನು ಗಾದೆ ಕಟ್ಟಿದವರು ಊಹಿಸಿರಲಿಕ್ಕಿಲ್ಲ.

ಇಷ್ಟೆಲ್ಲ ಬರಿಯ ಹೊರಬಾಗಿಲು. ನಿಜವಾದ ರೋಮಾಂಚನ ಶುರುವಾಗುವುದು ನಾರುಗಳು ಬೆರೆತಾಗ.

ಇವತ್ತಿನ ಉಡುಪಿನಲ್ಲಿ ಶುದ್ಧವಾದದ್ದು ಎಷ್ಟಿದೆ? ಹತ್ತಿಗೆ ಪಾಲಿಯೆಸ್ಟರ್, ಉಣ್ಣೆಗೆ ಅಕ್ರಿಲಿಕ್, ಎಲ್ಲದಕ್ಕೂ ಒಂದು ಚಿಟಿಕೆ ಸ್ಪ್ಯಾಂಡೆಕ್ಸ್. ಪಟ್ಟಿಯ ಟಿಪ್ಪಣಿ ಇದಕ್ಕೆ ಒಂದೇ ಮಾತಿನ ತೀರ್ಪು ಕೊಡುತ್ತದೆ: ತೂಕದಲ್ಲಿ ಯಾವ ನಾರು ಮಿಕ್ಕ ಪ್ರತಿಯೊಂದನ್ನೂ ಮೀರಿಸುತ್ತದೋ, ಇಡೀ ಬಟ್ಟೆ ಅದರದ್ದೇ ಎಂದು ತಿಳಿಯತಕ್ಕದ್ದು. ಶೇ 51 ಹತ್ತಿ ಇದ್ದರೆ ಉಳಿದ 49 ಪಾಲಿಯೆಸ್ಟರ್ ಕಾನೂನಿನ ಕಣ್ಣಿಗೆ ಮಾಯ! ಅಮೆರಿಕದ ಮೂಲ ದರದಲ್ಲಿ ಹತ್ತಿಯ ಸ್ವೆಟರಿಗೆ ಶೇ 16.5 ಸುಂಕ, ಕೃತಕ ನಾರಿನ ಸ್ವೆಟರಿಗೆ ಶೇ 32. ಹತ್ತು ಡಾಲರಿನ ಸ್ವೆಟರ್ ಒಂದು ಬದಿಯಲ್ಲಿ 1 ಡಾಲರ್ 65 ಸೆಂಟ್ ಕಟ್ಟಿದರೆ, ನೂರಕ್ಕೆ ಎರಡೇ ಎರಡು ಎಳೆ ಆಚೀಚೆ ಆದ ಅದರ ಅವಳಿ 3 ಡಾಲರ್ 20 ಸೆಂಟ್ ಕಟ್ಟುತ್ತದೆ. ಮತ್ತು ಅಪ್ಪಟ ಕಾಶ್ಮೀರಿ ಮೇಕೆಯ ನವಿರು ಉಣ್ಣೆಯ, ಎಂದರೆ ಕ್ಯಾಶ್ಮಿಯರ್ ಸ್ವೆಟರಿಗೆ? ಶೇ 4. ಬಡವನ ಪಾಲಿಯೆಸ್ಟರಿಗೆ 32, ಸಿರಿವಂತನ ಕ್ಯಾಶ್ಮಿಯರಿಗೆ 4. ಅಲ್ಲಿನ ಗಿರಣಿಗಳನ್ನು ಕಾಯಲು ಹುಟ್ಟಿದ ದರಗಳಿವು ಎಂಬ ವಿವರಣೆ ಇದೆ. ನ್ಯಾಯ ಎಂದು ಒಪ್ಪಲು ನನಗಂತೂ ಬಾಯಿ ಬರುವುದಿಲ್ಲ.

ಸರಿಯಾಗಿ ಅರ್ಧ ಅರ್ಧ ಇದ್ದರೆ? ಆಗ ಅಂಕಿಗಳ ಸಾಲಿನಲ್ಲಿ ಯಾರು ಕೊನೆಗೆ ನಿಂತಿದ್ದಾರೋ ಅವರಿಗೆ ಜಯ. ಸಾಲು ಹೀಗಿದೆ ನೋಡಿ: 50 ರೇಷ್ಮೆ, 51 ಉಣ್ಣೆ, 52 ಹತ್ತಿ, 53 ಲಿನನ್ ಸೆಣಬು ಮುಂತಾದ ಸಸ್ಯ ನಾರು, 54 ಮತ್ತು 55 ಕೃತಕ ನಾರು. ರೇಷ್ಮೆ ಉಣ್ಣೆ ಸಮ ಬಂದರೆ ಉಣ್ಣೆ. ಉಣ್ಣೆ ಹತ್ತಿ ಸಮ ಬಂದರೆ ಹತ್ತಿ. ಹತ್ತಿ ಪಾಲಿಯೆಸ್ಟರ್ ಸಮ ಬಂದರೆ ಪಾಲಿಯೆಸ್ಟರ್. ನಾರುಗಳ ರಾಣಿ ಎನಿಸಿಕೊಂಡ ರೇಷ್ಮೆ ಸರಿಸಮದ ಪ್ರತಿಯೊಂದು ಕುಸ್ತಿಯಲ್ಲೂ ಸೋಲುತ್ತಾಳೆ, ಪೆಟ್ರೋಲಿಯಮ್ಮಿನ ಮಗ ಗೆಲ್ಲುತ್ತಾನೆ!

ಮೂರು ನಾರು ಸೇರಿದರೆ ಕಥೆ ಇನ್ನೂ ರಂಗೇರುತ್ತದೆ. ಶೇ 40 ಹತ್ತಿ, 30 ಪಾಲಿಯೆಸ್ಟರ್, 30 ವಿಸ್ಕೋಸ್ ಇರುವ ಅಂಗಿ. ದೊಡ್ಡ ಪಕ್ಷ ಹತ್ತಿ, ಆದ್ದರಿಂದ ಹತ್ತಿಯ ಅಂಗಿ ಎಂದಿರಾ? ಕರ್ನಾಟಕದ ಮತದಾರರಿಗೆ ಈ ಆಟ ಹೊಸದಲ್ಲ: ಅತಿ ದೊಡ್ಡ ಪಕ್ಷ ವಿರೋಧದ ಸಾಲಿನಲ್ಲಿ ಕೂರುತ್ತದೆ, ಮಿಕ್ಕ ಇಬ್ಬರು ಕೈ ಕುಲುಕಿ ಸಮ್ಮಿಶ್ರ ಸರ್ಕಾರ ರಚಿಸುತ್ತಾರೆ. ಮೊದಲು ಅಧ್ಯಾಯವನ್ನು ಆರಿಸಬೇಕು ಎಂಬುದು ನಿಯಮ. ಪಾಲಿಯೆಸ್ಟರ್, ವಿಸ್ಕೋಸ್ ಎರಡೂ ಕೃತಕ ನಾರಿನ ಅಧ್ಯಾಯದವು, ಕೂಡಿಸಿದರೆ 60. ಹತ್ತಿ ಹೊರಗೆ. ಬ್ರಸೆಲ್ಸಿನ ವಿವರಣಾ ಟಿಪ್ಪಣಿಗಳು ಕೊಡುವ ಉದಾಹರಣೆಯೊಂದು ಇದಕ್ಕಿಂತ ಮಜವಾಗಿದೆ. ಶೇ 40 ಸಿಂಥೆಟಿಕ್, 35 ಉಣ್ಣೆ, 25 ನವಿರಾದ ಪ್ರಾಣಿರೋಮ ಇರುವ ಬಟ್ಟೆ. ಉಣ್ಣೆಯೂ ರೋಮವೂ ಒಂದೇ ಅಧ್ಯಾಯದ ದಾಯಾದಿಗಳಾದ್ದರಿಂದ ಬಟ್ಟೆ ಉಣ್ಣೆಯ ಪಾಲಾಗುತ್ತದೆ. ಇಲ್ಲಿ ಕುರಿ ಮೇಕೆಗಳು ಕೂಡಿ ಕಾರ್ಖಾನೆಯನ್ನು ಸೋಲಿಸಿದವು.

ಇಷ್ಟಕ್ಕೂ ಬೆರೆತ ನಾರನ್ನು ತೂಗುವುದು ಹೇಗೆ? ಒಂದೇ ಎಳೆಯಲ್ಲಿ ಹೊಸೆದುಕೊಂಡಿರುವ ಹತ್ತಿ ಪಾಲಿಯೆಸ್ಟರನ್ನು ಕೈಯಿಂದ ಬಿಡಿಸಲಾಗದು. ಪ್ರಯೋಗಾಲಯದಲ್ಲಿ ಮೊದಲು ಸೂಕ್ಷ್ಮದರ್ಶಕ. ಹತ್ತಿ ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ, ಉಣ್ಣೆಯ ಮೈತುಂಬ ಹುರುಪೆ, ಪಾಲಿಯೆಸ್ಟರ್ ನುಣ್ಣನೆಯ ಕಡ್ಡಿ. ಯಾರು ಯಾರಿದ್ದಾರೆ ಎಂದು ಗೊತ್ತಾದ ಮೇಲೆ ಚೂರು ಬಟ್ಟೆಯನ್ನು ಒಣಗಿಸಿ ತೂಗಿ ಶೇ 75ರ ಗಂಧಕಾಮ್ಲದಲ್ಲಿ ಹಾಕುತ್ತಾರೆ. ಹತ್ತಿ ಕರಗಿಹೋಗುತ್ತದೆ! ಪಾಲಿಯೆಸ್ಟರ್ ಮಾತ್ರ ಏನೂ ಆಗದವನಂತೆ ತಳದಲ್ಲಿ ಕೂತಿರುತ್ತದೆ. ತೊಳೆದು, ಒಣಗಿಸಿ, ಮತ್ತೆ ತೂಗಿದರೆ ಲೆಕ್ಕ ಸಿಕ್ಕಿತು. ಉಣ್ಣೆ ಬೆರೆತಿದ್ದರೆ ಆಮ್ಲದ ಬದಲು ಹೈಪೊಕ್ಲೋರೈಟ್, ಬಟ್ಟೆ ಬಿಳುಪು ಮಾಡುವ ದ್ರಾವಣದ ಬಂಧು. ಉಣ್ಣೆ ಅದರಲ್ಲಿ ಕರಗುತ್ತದೆ.

ಇಲ್ಲೊಂದು ಸೂಕ್ಷ್ಮ ಕಾದಿದೆ. ಹತ್ತಿ ಗಾಳಿಯ ತೇವ ಕುಡಿಯುವ ನಾರು. ಪಾಲಿಯೆಸ್ಟರಿಗೆ ಆ ಚಟ ಬಹಳ ಕಡಿಮೆ. ಹಾಗಾಗಿ ಮೂಳೆಯಂತೆ ಒಣಗಿಸಿದ ತೂಕಕ್ಕೆ ತೇವದ ಪಾಲನ್ನು ಸೇರಿಸುವ ಪದ್ಧತಿ ಇದೆ. ಯುರೋಪಿನ ಲೇಬಲ್ ನಿಯಮದಲ್ಲಿ ಸಾಮಾನ್ಯ ಹತ್ತಿಗೆ ಶೇ 8.5, ಪಾಲಿಯೆಸ್ಟರಿಗೆ ಶೇ 1.5. ಈಗ ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿ. ಒಲೆಯಿಂದ ತೆಗೆದಾಗ 49 ಗ್ರಾಂ ಹತ್ತಿ, 51 ಗ್ರಾಂ ಪಾಲಿಯೆಸ್ಟರ್. ತೇವ ಸೇರಿಸಿದರೆ ಹತ್ತಿ 53.2, ಪಾಲಿಯೆಸ್ಟರ್ 51.8. ಸೋತಿದ್ದ ಹತ್ತಿ ಗೆದ್ದುಬಿಟ್ಟಿತು! ಬಹುಮತ ತಂದುಕೊಟ್ಟದ್ದು ನಾರಲ್ಲ, ನೀರಿನ ಆವಿ. ಯಾವ ಸ್ಥಿತಿಯ ತೂಕ ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಗಡಿರೇಖೆಯ ಮೇಲೆ ಅಂಗಿ ಹೊಲಿಸಲು ಹೊರಟವನ ಧೈರ್ಯವನ್ನು ಮೆಚ್ಚಬೇಕು.

ನಾರು ನಾರು ಬೆರೆತರೆ ತಕ್ಕಡಿ ಸಾಕು. ಆದರೆ ಒಂದೇ ಉಡುಪಿನಲ್ಲಿ ಜಾತಿಯೇ ಬೇರೆಯಾದ ತುಂಡುಗಳು ಕೂಡಿದಾಗ? ಕಾಲೇಜು ಹುಡುಗರು ಮೆಚ್ಚುವ ವಾರ್ಸಿಟಿ ಜಾಕೆಟ್ ನೆನಪಿಸಿಕೊಳ್ಳಿ. ಎದೆ ಬೆನ್ನು ಉಣ್ಣೆ, ತೋಳು ಚರ್ಮ. ಚರ್ಮದ ಉಡುಪು 42ನೇ ಅಧ್ಯಾಯ, ನೇಯ್ದದ್ದು 62. ಆಗ ಪಟ್ಟಿಯ ಮೂರನೆಯ ಸಾಮಾನ್ಯ ನಿಯಮ ಎದ್ದು ನಿಲ್ಲುತ್ತದೆ ಮತ್ತು ತತ್ತ್ವಶಾಸ್ತ್ರ ಮಾತಾಡಲು ಶುರುಮಾಡುತ್ತದೆ: ಈ ವಸ್ತುವಿಗೆ ಅದರ ಸಾರಭೂತ ಗುಣವನ್ನು ಕೊಟ್ಟದ್ದು ಯಾವ ಭಾಗ? ಜಾಕೆಟ್ಟಿನ ಜಾಕೆಟ್‌ತನ ಎಲ್ಲಿದೆ? ಎದೆಯಲ್ಲೋ ತೋಳಿನಲ್ಲೋ? ಉಪನಿಷತ್ತಿನ ಶಿಷ್ಯನ ಬಾಯಲ್ಲಿ ಇರಬೇಕಾದ ಪ್ರಶ್ನೆ ಬಂದರಿನ ಗೋದಾಮಿನಲ್ಲಿ ನಿಂತ ಅಧಿಕಾರಿಯ ಬಾಯಲ್ಲಿ! ಉತ್ತರ ಹೊಳೆಯದಿದ್ದರೆ ಮತ್ತೆ ಅದೇ ಕೊನೆಯ ಅಂಕಿಯ ನಿಯಮ. 42ಕ್ಕಿಂತ 62 ಮುಂದಿದೆ, ಬಟ್ಟೆ ಗೆಲ್ಲುತ್ತದೆ.

ಅಮೆರಿಕದ ಕಸ್ಟಮ್ಸ್ ಈ ವೇದಾಂತಕ್ಕೆ 1989ರಲ್ಲಿ ಒಂದು ಮೊಳಕೋಲು ಕೊಟ್ಟಿತು. ಮೇಲುಡುಪು ಕೆಳಉಡುಪುಗಳಲ್ಲಿ ಕಣ್ಣಿಗೆ ಕಾಣುವ ಹೊರಮೈಯ ಶೇ 60ಕ್ಕಿಂತ ಹೆಚ್ಚನ್ನು ಯಾವ ತುಂಡು ಆವರಿಸಿದೆಯೋ ಸಾರ ಅದರದು. ಅಪವಾದಗಳೂ ಇವೆ. ಇನ್ನೊಂದು ತುಂಡು ಇಡೀ ಮುಂಭಾಗವೇ ಆಗಿದ್ದರೆ, ಅಥವಾ ಧಾರಾಳ ಲೇಸಿನಂತೆ ಕಣ್ಣು ಸೆಳೆಯುವ ಅಲಂಕಾರವಾಗಿದ್ದರೆ, ಅಥವಾ ತೂಕದಲ್ಲಿ ಅರ್ಧ ಮೀರಿದ್ದರೆ, ಅಥವಾ ಬೆಲೆ ಹತ್ತು ಪಟ್ಟು ಮೀರಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಬೆನ್ನಿಗಿಂತ ಎದುರುಮುಖಕ್ಕೆ ಬೆಲೆ ಹೆಚ್ಚು ಎಂಬುದನ್ನು ಇಲಾಖೆಯೂ ಒಪ್ಪಿಕೊಂಡಂತಾಯಿತು.

ಬಟ್ಟೆಗೆ ಪ್ಲಾಸ್ಟಿಕ್ ಬಳಿದಿದ್ದರೆ, ಮಳೆ ಕೋಟುಗಳಲ್ಲಿ ಇರುವಂತೆ? ಬಳಿದದ್ದು ಬರಿಗಣ್ಣಿಗೆ ಕಾಣಬೇಕು, ಬಣ್ಣ ಬದಲಾದದ್ದು ಮಾತ್ರ ಕಂಡರೆ ಸಾಲದು. ಕಂಡರೆ ಕೋಟಿಗೆ ಬೇರೆ ಶೀರ್ಷಿಕೆ, ಕಾಣದಿದ್ದರೆ ಅದು ಮಾಮೂಲು ಬಟ್ಟೆಯದೇ. ನೀರು ಜಾರಿ ಹೋಗುತ್ತಿದೆಯಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಇನ್ನೊಂದು ಪರೀಕ್ಷೆಯಂತೂ ಮಕ್ಕಳ ಆಟದ ಹಾಗಿದೆ. 15ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ, 7 ಮಿಲಿಮೀಟರ್ ವ್ಯಾಸದ ಕಡ್ಡಿಯ ಸುತ್ತ ಪ್ಲಾಸ್ಟಿಕ್ ಬಳಿದ ಆ ಬಟ್ಟೆಯನ್ನು ಕೈಯಿಂದ ಬಗ್ಗಿಸಬೇಕು. ಬಿರುಕು ಬಿಟ್ಟರೆ ಅದು ಬಟ್ಟೆಯಲ್ಲ, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಅಧ್ಯಾಯಕ್ಕೆ ಹೋಗುತ್ತದೆ. ಜಗತ್ತಿನ ವ್ಯಾಪಾರ ಒಂದು ಪೆನ್ಸಿಲಿನಷ್ಟು ದಪ್ಪದ ಕಡ್ಡಿಗೆ ಸುತ್ತಿಕೊಂಡಿದೆ!

ಇವನ್ನೆಲ್ಲ ಒಪ್ಪದವರು ನ್ಯಾಯಾಲಯಕ್ಕೆ ಹೋಗುತ್ತಾರೆ, ಅಲ್ಲಿ ಇನ್ನೂ ಸ್ವಾರಸ್ಯ. ಸ್ನಗ್ಗಿ ಎಂಬುದು ಪಾಲಿಯೆಸ್ಟರ್ ಫ್ಲೀಸ್ ಬಟ್ಟೆಯ, ಎರಡು ತೋಳಿರುವ ಹೊದಿಕೆ, ಸೋಫಾದಲ್ಲಿ ಕೂತು ಟೀವಿ ನೋಡುವವರಿಗೆಂದು ಮಾಡಿದ್ದು. ಉಡುಪು ಎಂದಿತು ಸರ್ಕಾರ, ಶೇ 14.9 ಕೇಳಿತು. ಪಾದ್ರಿಗಳ ನಿಲುವಂಗಿ, ಪದವೀಧರರ ಗೌನುಗಳ ಸಾಲಿಗೆ ಇದೂ ಸೇರುತ್ತದೆ ಎಂದು ವಾದಿಸಿತು. ಹೊದಿಕೆ ಎಂದಿತು ಕಂಪನಿ, ಶೇ 8.5 ಸಾಕು ಎಂದಿತು. 2017ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ನ್ಯಾಯಾಧೀಶ ಮಾರ್ಕ್ ಬಾರ್ನೆಟ್ ತೀರ್ಪಿತ್ತರು: ತೋಳಿದ್ದ ಮಾತ್ರಕ್ಕೆ ಕಂಬಳಿ ಅಂಗಿಯಾಗುವುದಿಲ್ಲ. ಸಾಂತಾಕ್ಲಾಸನಿಗೆ ಆ ಅದೃಷ್ಟ ಇರಲಿಲ್ಲ. ಹಬ್ಬದ ಸಾಮಗ್ರಿಗೆ ಸುಂಕವಿಲ್ಲ, ತೆಳ್ಳಗಿನ ಅಗ್ಗದ ವೇಷಗಳು ಅದರಲ್ಲಿ ಪಾರಾಗುತ್ತವೆ. ಆದರೆ ರೂಬೀಸ್ ಕಂಪನಿಯ ಸಾಂತಾ ಪೋಷಾಕು ಗಟ್ಟಿಮುಟ್ಟಾಗಿತ್ತು, ಜಿಪ್ ಇತ್ತು, ಹೊಲಿಗೆ ಚೆನ್ನಾಗಿತ್ತು. ಆದ್ದರಿಂದ ಅದು ಉಡುಪೇ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಕೆಂಪು ಕೋಟಿಗೆ ಶೇ 32. ಚೆನ್ನಾಗಿ ಹೊಲಿದದ್ದೇ ತಪ್ಪಾಯಿತು. ಯುರೋಪಿನ ನ್ಯಾಯಾಲಯವೋ 1994ರಲ್ಲಿ ಪೈಜಾಮ ಎಂದರೇನು ಎಂದು ಗಂಭೀರವಾಗಿ ಚಿಂತಿಸಿ, ಹಾಸಿಗೆಯಲ್ಲಷ್ಟೇ ತೊಡುವುದಲ್ಲ, ಮುಖ್ಯವಾಗಿ ಹಾಸಿಗೆಯಲ್ಲಿ ತೊಡುವುದೂ ಪೈಜಾಮವೇ ಎಂದು ಉದಾರ ಮನಸ್ಸು ತೋರಿತು.

ಹೀಗೆ ವಾದ ಮಾಡುವ ಬದಲು ಬಟ್ಟೆಯನ್ನೇ ನಿಯಮಕ್ಕೆ ತಕ್ಕಂತೆ ಹೊಲಿದರೆ? ಕೊಲಂಬಿಯಾ ಸ್ಪೋರ್ಟ್ಸ್‌ವೇರ್ ಕಂಪನಿಯ ಕೆಲವು ಹೆಂಗಸರ ಶರ್ಟುಗಳಲ್ಲಿ ಸೊಂಟದ ಕೆಳಗೆ ಒಂದು ಪುಟಾಣಿ ಜೇಬಿದೆ. ತುಟಿಗೆ ಹಚ್ಚುವ ಮುಲಾಮಿನ ಡಬ್ಬಿ ಇಡಬಹುದೇನೋ. ಅದರ ನಿಜವಾದ ಕೆಲಸ ಬೇರೆ. ಸೊಂಟದ ಕೆಳಗೆ ಜೇಬಿದ್ದರೆ ಅದು ಶೀರ್ಷಿಕೆಯ ಪ್ರಕಾರ ಬ್ಲೌಸ್ ಅಲ್ಲ. ಕೃತಕ ನಾರಿನ ಬ್ಲೌಸಿಗೆ ಶೇ 26.9, ಜೇಬಿರುವ ‘ಇತರೆ ಉಡುಪಿಗೆ’ ಶೇ 16. ಈ ವ್ಯಾಪಾರದಲ್ಲಿ ಇರುವವರು ಅದನ್ನು ನರ್ಸ್ ಪಾಕೆಟ್ ಎನ್ನುತ್ತಾರೆ, ಇಡೀ ವಿದ್ಯೆಗೆ ಟಾರಿಫ್ ಎಂಜಿನಿಯರಿಂಗ್ ಎಂಬ ಹೆಸರಿದೆ. ಇದು ಕಳ್ಳತನವಲ್ಲ, ಬಂದ ವಸ್ತು ನಿಜಕ್ಕೂ ಹಾಗೆಯೇ ಇದ್ದರೆ ಕಾನೂನು ಅದನ್ನು ಒಪ್ಪುತ್ತದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ ಇಂಥ ಜೇಬು ಇಷ್ಟೇ ಇಂಚು ಕೆಳಗೆ ಏಕೆ ಬರಬೇಕು ಎಂದು ಯಾರೂ ಹೇಳುವುದಿಲ್ಲ. ಅದೇ ಅಂಗಿ ಹಡಗು ಹತ್ತುವಾಗ ನಮ್ಮ ಸರ್ಕಾರ ಕೊಡುವ ಡ್ರಾಬ್ಯಾಕಿನ, ಎಂದರೆ ಸುಂಕ ವಾಪಸಾತಿಯ ಪಟ್ಟಿಯಲ್ಲೂ ಹತ್ತಿಗೆ ಒಂದು ಸಾಲು, ಕೃತಕ ನಾರಿಗೆ ಒಂದು, ಎರಡರ ಮಿಶ್ರಣಕ್ಕೆ ಇನ್ನೊಂದು. ಹೋಗುವ ಬಾಗಿಲಲ್ಲೂ ಬರುವ ಬಾಗಿಲಲ್ಲೂ ಅದೇ ತಕ್ಕಡಿ.

ನಮ್ಮ ಸೀರೆಯನ್ನು ಈ ತಕ್ಕಡಿಗೆ ಹಾಕಿದರೆ ಏನಾಗುತ್ತದೆ? ಮೊದಲ ಆಘಾತ: ಭಾರತದ ಸುಂಕಪಟ್ಟಿಯಲ್ಲಿ ರೇಷ್ಮೆ ಸೀರೆ ಉಡುಪೇ ಅಲ್ಲ! ಅದು 5007ರಲ್ಲಿ, ರೇಷ್ಮೆ ಬಟ್ಟೆಯ ಥಾನುಗಳ ನಡುವೆ ಕೂತಿದೆ. ಎರಡನೆಯದು ಜರಿ. ರೇಷ್ಮೆ ಅಥವಾ ಹತ್ತಿಯ ಎಳೆಗೆ ಲೋಹ ಸುತ್ತಿದ ಜರಿ 5605ರ ಲೋಹನೂಲು. ಅಪ್ಪಟ ಚಿನ್ನ ಬೆಳ್ಳಿಯದೂ ನಕಲಿ ಜರಿಯೂ ನಾಲ್ಕು ಅಂಕಿಯವರೆಗೆ ಒಂದೇ ಮನೆಯವು, ಭಾರತ ಸೇರಿಸಿದ ಕೊನೆಯ ಅಂಕಿಗಳಲ್ಲಿ ಮಾತ್ರ ಅಸಲಿ ನಕಲಿ ಬೇರೆಯಾಗುತ್ತವೆ. ಮತ್ತು ಟಿಪ್ಪಣಿ ಹೇಳುತ್ತದೆ: ಲೋಹನೂಲನ್ನು ಒಂದೇ ನಾರೆಂದು ಎಣಿಸಬೇಕು, ಒಳಗಿನ ಎಳೆ ಹೊರಗಿನ ಲೋಹ ಎಲ್ಲವೂ ಸೇರಿ ಅದರ ತೂಕ. ನೂಲು ಹಗುರ, ಬೆಳ್ಳಿ ಭಾರ. ಮೈತುಂಬ ಜರಿ ತುಂಬಿದ, ಎರಡು ಕೈಯಲ್ಲಿ ಎತ್ತಬೇಕಾದ ಧಾರೆ ಸೀರೆಯೊಂದರಲ್ಲಿ ಜರಿಯ ತೂಕ ರೇಷ್ಮೆಯನ್ನು ಮೀರಿದರೆ, ನಿಯಮದ ಪ್ರಕಾರ ಅದು ರೇಷ್ಮೆಯ ಬಟ್ಟೆಯಾಗಿ ಉಳಿಯದೆ 5809ರ ಲೋಹದ ಬಟ್ಟೆಯಾಗುತ್ತದೆ. ಅಂಥ ಸೀರೆ ಉಟ್ಟ ಅಜ್ಜಿಯರು ‘ಕಬ್ಬಿಣದ ಹಾಗಿದೆ ಕಣೇ’ ಎಂದು ನಿಟ್ಟುಸಿರುಬಿಟ್ಟಾಗ ಬ್ರಸೆಲ್ಸಿನ ಅಭಿಪ್ರಾಯವನ್ನೇ ಹೇಳುತ್ತಿದ್ದರು!

ಬರಿಯ ಕಸೂತಿಯಾದರೆ ಲೆಕ್ಕ ತಲೆಕೆಳಗು. ಕಸೂತಿ ಬಟ್ಟೆಯಲ್ಲಿ ತೂಗುವುದು ನೆಲದ ಬಟ್ಟೆಯನ್ನು ಮಾತ್ರ, ಅದರ ಮೇಲೆ ಅರಳಿದ ಗೋಪುರ, ರಥ, ನವಿಲುಗಳಿಗೆ ತೂಕವಿಲ್ಲ. ನೆಲವೇ ಕಾಣದಷ್ಟು ಹೊಲಿದಿದ್ದರೆ ಆಗ ದಾರವೇ ಎಲ್ಲ.

ಈಗ ಪೇಟೆಯಲ್ಲಿ ನೆರಿಗೆಯನ್ನು ಹೊಲಿದೇ ಕೊಡುವ, ಸೊಂಟಕ್ಕೆ ಹುಕ್ಕು ಹಾಕಿಕೊಂಡರೆ ಮುಗಿಯುವ ಸಿದ್ಧ ಸೀರೆಗಳು ಬಂದಿವೆಯಷ್ಟೆ. ಹೊಲಿದು ಜೋಡಿಸಿದ ಯಾವುದೂ 50ರಿಂದ 55ರವರೆಗಿನ ಬಟ್ಟೆಯ ಅಧ್ಯಾಯಗಳಲ್ಲಿ ಇರುವಂತಿಲ್ಲ ಎಂಬುದು ಬಟ್ಟೆಬರೆಯ ಅಧ್ಯಾಯಗಳೆಲ್ಲ ಸೇರಿರುವ ಹನ್ನೊಂದನೆಯ ವಿಭಾಗದ ಟಿಪ್ಪಣಿ. ಅಂದಮೇಲೆ ಬಿಡಿಸಿ ಉಡುವ ಸೀರೆ ಬಟ್ಟೆಯಾಗಿಯೇ ಉಳಿದರೆ, ಅದೇ ಮಗ್ಗದಿಂದ ಇಳಿದು ದರ್ಜಿಯ ಕೈಗೆ ಹೋಗಿ ಬಂದ ಅದರ ತಂಗಿ ಒಂದು ಹುಕ್ಕು, ಎರಡು ಸಾಲು ಹೊಲಿಗೆಯ ಬಲದಿಂದ 62ನೇ ಅಧ್ಯಾಯದ ಉಡುಪುಗಳ ಪಂಕ್ತಿಗೆ ನಡೆದು ಹೋಗುತ್ತಾಳೆ.